ತಾತನ ಹೆಸರಿನ ಮರಿಗೆ ಎರಡನೇ ಸೂಜಿ

ಮನೆಗೆ ನಾಯಿಮರಿ ಬಂದ ದಿನವೇ ನೀವಿಬ್ಬರೂ ಸೇರಿ ಅದಕ್ಕೆ ನಿಮ್ಮ ತಾತನ ಹೆಸರಿಟ್ಟಿರಿ. ಊಟವಾದ ಮೇಲೆ ಅವರ ಹಾಗೇ ಗೊರಕೆ ಹೊಡೆಯುತ್ತದೆ ಎಂದು ಕಾರಣ ಬೇರೆ ಕೊಟ್ಟಿರಿ. ನಮ್ಮ ಕಟ್ಟಾಯದ ಕಡೆ ಹೆಂಡತಿ ಗಂಡನ ಹೆಸರು ಹೇಳುವ ಪದ್ಧತಿಯಿಲ್ಲ. ತಾತ ಹೋದ ಮೇಲೂ ಅದು ನನ್ನ ಬಾಯಿಗೆ ಬಂದಿರಲಿಲ್ಲ. ನೀವು ಸ್ಕೂಲಿಗೆ ಹೋದ ಮೇಲೆ ಮರಿಯನ್ನು ನಾನು ಏನೆಂದು ಕರೆಯುತ್ತಿದ್ದೆ ಎಂದು ನಿಮಗೆ ತಿಳಿಯದ ಹಾಗೆ ನೋಡಿಕೊಂಡಿದ್ದೆ.

ಮೊದಲ ಸೂಜಿ ಹಾಕುವಾಗಲೇ ಡಾಕ್ಟರು ಹೇಳಿದ್ದರು: ಮೂರ್ನಾಲ್ಕು ವಾರ ಬಿಟ್ಟು ಎರಡನೆಯದು, ಆಮೇಲೆ ಹುಚ್ಚುನಾಯಿ ರೋಗದ್ದು, ಎಲ್ಲ ಮುಗಿಯುವ ತನಕ ಬೀದಿಗೆ ಬಿಡಬೇಡಿ, ಬೇರೆ ನಾಯಿಗಳ ಹತ್ತಿರ ಸೇರಿಸಬೇಡಿ. ಎರಡನೇ ಸೂಜಿಯ ದಿನ ನಿಮ್ಮಮ್ಮನಿಗೆ ಹೊಳೆನರಸೀಪುರದ ಸ್ಕೂಲಿನಲ್ಲಿ ಪರೀಕ್ಷೆಯ ಕೆಲಸ, ನಿಮ್ಮಪ್ಪನಿಗೆ ರಜೆ ಇಲ್ಲ.

"ಅತ್ತೆ, ಆಟೋಲಿ ಹೋಗ್ಬನ್ನಿ. ದಿನ ತಪ್ಪಿಸೋದು ಬೇಡ" ಎಂದಳು ನಿಮ್ಮಮ್ಮ.

ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು, ತರಕಾರಿ ಬ್ಯಾಗಿನಲ್ಲಿ ಮರಿಯನ್ನು ಕೂರಿಸಿಕೊಂಡು ಹಾಸನದ ದನದಾಸ್ಪತ್ರೆಗೆ ಹೋದೆ.

ಅಲ್ಲಿ ಎದುರು ಗೋಡೆಯ ಬಳಿ, ಅರಕಲಗೂಡಿನ ಕಡೆಯವರೊಬ್ಬರ ಮರಿ ಗೋಣಿಯ ಮೇಲೆ ಮಲಗಿತ್ತು. ವಾಂತಿ, ರಕ್ತಭೇದಿ.

"ಪಾರ್ವೊ ಕಣವ್ವ. ಸೂಜಿ ಆಕ್ಸಿರ್ನಿಲ್ಲ. ನಿಮ್ದನ್ನ ಅತ್ರ ಬಿಡ್ಬ್ಯಾಡಿ" ಎಂದರು ಅವರು.

ಅಷ್ಟರಲ್ಲಿ ನಮ್ಮದು ಬ್ಯಾಗಿನಿಂದ ಹಾರಿ ನೇರವಾಗಿ ಅತ್ತಲೇ ಹೊರಟಿತು. ಓಡೋಣವೆಂದರೆ ನನ್ನ ಮಂಡಿ ಕೇಳಬೇಕಲ್ಲ.

"ಎಸ್ರಿಡಿದು ಕೂಗವ್ವ" ಎಂದಳು ಪಕ್ಕದಲ್ಲಿದ್ದ ಹೆಂಗಸು.

ಮನಸ್ಸಿನಲ್ಲೇ ತಾತನ ಕ್ಷಮೆ ಕೇಳಿ, ಹೆಸರು ಕೂಗಿಯೇಬಿಟ್ಟೆ. ಅದು ಕಿವಿಯನ್ನೂ ಅಲ್ಲಾಡಿಸಲಿಲ್ಲ. ನನ್ನ ದನಿಯಲ್ಲಿ ಆ ಹೆಸರು ಅದಕ್ಕೂ ಹೊಸದು, ನನಗೂ ಹೊಸದು. ಗೋಣಿಗೆ ಇನ್ನೊಂದು ಮಾರು ದೂರವಿತ್ತು. ನಾಚಿಕೆ ಬಿಟ್ಟು, ಮನೆಯಲ್ಲಿ ಕರೆಯುವ ಹಾಗೇ ಕರೆದೆ:

"ಏನೂಂದ್ರೇ, ಬನ್ನಿ ಇಲ್ಲಿ."

ಮರಿ ತಟ್ಟನೆ ತಿರುಗಿ, ಬಾಲ ಅಲ್ಲಾಡಿಸುತ್ತ ಬಂದು ನನ್ನ ಕಾಲ ಬಳಿ ಕೂತಿತು. ಅದರ ಜೊತೆಗೆ ಇಬ್ಬರು ಗಂಡಸರೂ ತಿರುಗಿ ನೋಡಿದರು.

"ಅಜ್ಜಿ ಮನೆಯವ್ರು ಬೋ ಇನಯವಂತ್ರು ಕಣ್ಲಾ" ಎಂದ ಒಬ್ಬ. ಗೋಣಿಯ ಮರಿಯವರೂ ಆ ಸಂಕಟದಲ್ಲಿ ನಕ್ಕರು.

ಡಾಕ್ಟರು ಮೊದಲು ಆ ಮರಿಗೆ ಡ್ರಿಪ್ ಹಾಕಿಸಿ, ಕೈ ತೊಳೆದುಕೊಂಡು ಬಂದು ನಮ್ಮದಕ್ಕೆ ಸೂಜಿ ಚುಚ್ಚಿದರು. ಅದು ಕುಂಯ್ ಎನ್ನಲಿಲ್ಲ. ನಿಮ್ಮಿಬ್ಬರ ಸೂಜಿಯ ದಿನ ಇಡೀ ಬೀದಿಗೆ ಗೊತ್ತಾಗುತ್ತಿತ್ತು.

"ಅಜ್ಜಿ, ಉಳಿದಿದ್ದೆಲ್ಲ ಆಗೋವರ್ಗೂ ಯಜಮಾನ್ರನ್ನ ಬೀದಿಗೆ ಬಿಡ್ಬೇಡಿ" ಎಂದರು ಡಾಕ್ಟರು, ನಗದೆ.

ನಾನು ಸೆರಗು ಎಳೆದುಕೊಂಡು, ನೆಲ ನೋಡುತ್ತಲೇ ಹೇಳಿದೆ:

"ಓಗ್ಬ್ಯಾಡಿ ಅಂದ್ರೆ ಅವ್ರು ಯಾವತ್ ಕೇಳವ್ರೆ ಸಾ."