ಹಂಪಮ್ಮನ ಪದಕ್ಕೆ ಗಿರಣಿಯ ತಾಳ

ಬಳ್ಳಾರಿಗೆ ಕ್ಯಾಸೆಟ್ ಆಗಷ್ಟೇ ಬಂದಿದ್ದ ಕಾಲ. ಗೆಳೆಯ ಖಾದರ್ ಮತ್ತು ನಾನು ಕಂಟೋನ್ಮೆಂಟಿನಲ್ಲಿ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದೆವು. ಎರಡು ಟೇಪ್ ರೆಕಾರ್ಡರ್ ಜೋಡಿಸಿ ಸದ್ದಿಗೆ ಸದ್ದು ಬೆರೆಸುವ ಹುಚ್ಚು ನಮಗೆ. ಸಿರುಗುಪ್ಪದ ಅಕ್ಕಿ ಗಿರಣಿಯ ಧಡಕ್ ಧಡಕ್ ಸದ್ದಿನ ಮೇಲೆ, ದೇಶನೂರಿನ ಹಂಪಮ್ಮ ನಮಗೆ ಹಾಡಿಕೊಟ್ಟಿದ್ದ ಬೀಸುವ ಪದ ಕೂರಿಸಿದೆವು. ಚೆಂದದ ಒಂದು ಸಾಲು ಮತ್ತೆ ಮತ್ತೆ ಬರುವಂತೆ ಮಾಡಿದೆವು.

ಕುರುಗೋಡಿನ ಒಂದು ಮದುವೆಯಲ್ಲಿ ಅದನ್ನು ಮೊದಲ ಸಲ ಸ್ಪೀಕರಿಗೆ ಹಾಕಿದಾಗ ಜನ ಕುಣಿಯತೊಡಗಿದರು. ಅಷ್ಟರಲ್ಲಿ ಬೀಗರ ನಡುವಿನಿಂದ ಹಂಪಮ್ಮನೇ ಎದ್ದು ಬರಬೇಕೆ! ಪದಕ್ಕೆ ಗಿರಣಿ ಸೇರಿಸಿದ್ದು ಅವರಿಗೆ ಗೊತ್ತಿರಲಿಲ್ಲ.

"ಯಾಕ್ರಪಾ, ಒಂದ್ಸಲ ಅಂದಿದ್ದನ್ನ ಎಷ್ಟು ಸಲ ಅನಸ್ತೀರಿ? ನನಗೇನು ಮರವು ಬಂದೈತೇನು?"

"ಅವ್ವಾ, ಆ ಸಾಲು ಬಾಳ ಚಂದ ಐತಿ, ಅದಕ್ಕ..." ಖಾದರ್ ತಡವರಿಸಿದ.

ಅವರು ಸ್ಪೀಕರಿಗೆ ಕಿವಿಗೊಟ್ಟು ನಿಂತರು. ಕಾಲು ತಾನಾಗಿ ತಾಳ ಹಾಕಿತು. ಥಟ್ಟನೆ ನನ್ನ ಕೈಯಿಂದ ಮೈಕ್ ಕಿತ್ತುಕೊಂಡು, ಟೇಪಿನ ತಮ್ಮದೇ ದನಿಯ ಜೊತೆ ಹಾಡತೊಡಗಿದರು. ಚಪ್ಪರದ ತುಂಬ ಕೇಕೆ! ನಾವಿಬ್ಬರೂ ತಬ್ಬಿಕೊಂಡು ಕುಣಿದೆವು.

ಪದ ಮುಗಿದ ಮೇಲೆ ಹಂಪಮ್ಮ ಏದುಸಿರು ಬಿಡುತ್ತ ಹೇಳಿದರು: "ಆ ಗಿರಣಿಯವರಿಗೆ ಹೇಳ್ರಿ, ಮುಂದಿನ ಸಲ ಸ್ವಲ್ಪ ಮೆಲ್ಲಕ ಓಡಸ್ಲಿ."