ಮಿಷನ್ನಿನ ಹಿಟ್ಟು

ನನಗೆ ಮೂಗಿನ ತುದಿಯಲ್ಲೇ ಕೋಪ. ಐವತ್ತರ ದಶಕದಲ್ಲಿ, ಅತ್ತಿಗುಪ್ಪೆ ಇನ್ನೂ ಹೊಲಗದ್ದೆಗಳ ಹಳ್ಳಿಯಾಗಿದ್ದಾಗ, ಹದಿಮೂರು ವರ್ಷದ ನಾನು ಅದನ್ನು ಹೆಚ್ಚಾಗಿ ತೀರಿಸಿಕೊಳ್ಳುತ್ತಿದ್ದದ್ದು ಅತ್ತಿಗೆಯ ಮೇಲೆ. ಅವಳು ಅಣ್ಣನ ಕೈಹಿಡಿದು ಬಂದು ಮೂರು ತಿಂಗಳಾಗಿತ್ತು. ಪೇಟೆಯವಳು; ಅವಳಪ್ಪ ಬಟ್ಟೆ ಮಿಲ್ಲಿನ ಕೆಲಸಗಾರ. ರಾಗಿ ಬೀಸಲು ಬಾರದವಳು ಎಂಥ ಸೊಸೆ ಎಂದು ಊರೆಲ್ಲ ಹೇಳಿಕೊಂಡು ಬಂದವಳು ನಾನೇ.

ಬೀಸುವುದು ನಮ್ಮಲ್ಲಿ ಸಣ್ಣ ಸಂಗತಿಯಲ್ಲ. ಅವ್ವ ಕೋಳಿ ಕೂಗುವ ಮೊದಲೇ ಎದ್ದು, ರಾಗಿಕಲ್ಲಿಗೆ ಕೈಮುಗಿದು, ಮೊದಲ ಹಿಡಿಯನ್ನು ದೇವರ ಹೆಸರು ಹೇಳಿ ಹಾಕುತ್ತಿದ್ದಳು. ಅವಳ ಬೀಸುವ ಪದ ಕೇಳುತ್ತ ನಾವು ನಿದ್ದೆಯಲ್ಲೇ ಮಗ್ಗುಲು ಬದಲಿಸುತ್ತಿದ್ದೆವು. ಆ ದನಿ ಈಗ ಬೇಕೆಂದರೂ ಸಿಗದು. ಮನೆಯ ರಾಗಿ ಹೊಸಿಲು ದಾಟಿ ಹೋಗಿ ಹಿಟ್ಟಾಗಿ ಬಂದರೆ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಎಂಬ ನಂಬಿಕೆ ಬೇರೆ. ನಾಯಂಡಹಳ್ಳಿಗೆ ಹಿಟ್ಟಿನ ಮಿಷನ್ನು ಬಂದ ಹೊಸತರಲ್ಲಿ, ಕದ್ದುಮುಚ್ಚಿ ರಾಗಿ ಹಾಕಿಸಿಕೊಂಡು ಬಂದಳೆಂದು ಹಿಂದಿನ ಬೀದಿಯ ಸೊಸೆಯೊಬ್ಬಳನ್ನು ತವರಿಗೆ ಅಟ್ಟಿದ್ದರು.

ಒಂದು ಮಧ್ಯಾಹ್ನ ನಮ್ಮ ಅತ್ತಿಗೆಯೂ ಚೀಲ ಹೊತ್ತು ನಾಯಂಡಹಳ್ಳಿ ಕಡೆಯಿಂದ ಬರುವುದನ್ನು ಕಂಡೆ. ಕೈ ಹಾಕಿ ನೋಡಿದರೆ ಹಿಟ್ಟು ಇನ್ನೂ ಬಿಸಿ. ಮನೆಯೊಳಕ್ಕೆ ಓಡಿದೆ.

"ಅವ್ವಾ, ಮಿಷನ್ನಿಗೆ ಹಾಕಿಸ್ಕೊಂಡು ಬಂದವ್ಳೆ! ಇವತ್ತೇ ಇವಳನ್ನ ಅವರಪ್ಪನ ಮನೆಗೆ ಕಳ್ಸು!"

ಅತ್ತಿಗೆ ಬಾಗಿಲಲ್ಲೇ ನಿಂತಳು. ಅವ್ವ ಅವಳನ್ನು ನೋಡಿದಳು, ಆಮೇಲೆ ಒಲೆಯ ಮೇಲೆ ಕುದಿಯುತ್ತಿದ್ದ ಎಸರನ್ನು ನೋಡಿದಳು.

"ಮೊದ್ಲು ಹಿಟ್ಟು ಹಾಕವ್ವ" ಎಂದಳು.

ಮುದ್ದೆ ಮಾಡುವವರಿಗೆ ಗೊತ್ತು, ಎಸರಿಗೆ ಹಿಟ್ಟು ಸುರಿದ ತಕ್ಷಣ ಕೋಲು ಹಾಕಬಾರದು. ಗುಡ್ಡೆ ಹಾಗೇ ಬೇಯಬೇಕು, ಆತುರಪಟ್ಟು ತಿರುವಿದರೆ ಗಂಟಾಗುತ್ತದೆ. ಅವ್ವ ಸಿಟ್ಟು ಬಂದಾಗಲೂ ಅಷ್ಟು ಹೊತ್ತು ಬಾಯಿ ಬಿಡುತ್ತಿರಲಿಲ್ಲ. "ಬೇಯ್ಲಿ, ತಡಿಯೇ" ಎಂದು ನನ್ನನ್ನೂ ಸುಮ್ಮನಿರಿಸಿದಳು. ನನಗೋ ಮೈಯೆಲ್ಲ ಉರಿ.

ಆ ಹೊತ್ತಿನಲ್ಲೇ ಅವಳು ಅತ್ತಿಗೆಯ ಕೈ ಹಿಡಿದು ಅಂಗೈ ಹೊರಳಿಸಿದ್ದು. ಬೊಬ್ಬೆಗಳು ಒಡೆದು ಕೆಂಪಗೆ ಹಸಿಯಾಗಿದ್ದವು. ಅವ್ವ ತನ್ನ ಅಂಗೈಯನ್ನೂ ಅದರ ಪಕ್ಕ ಇಟ್ಟು ನೋಡಿಕೊಂಡಳು. ಅದು ಎಂದೋ ಕೊರಡಿನಂತಾಗಿತ್ತು.

ಆಮೇಲೆ ಕೋಲು ಹಾಕಿ ತಿರುವಿದಳು. ಮುದ್ದೆ ನುಣ್ಣಗೆ ಬಂತು. ಒಂದು ತುತ್ತು ನುಂಗಿ, "ಪರ್ವಾಗಿಲ್ಲ. ಇನ್ಮೇಲೆ ಎಲ್ಲಾ ಅಲ್ಲೇ ಹಾಕಿಸ್ಕೊಂಡು ಬಾ. ಯಾರಾದ್ರೂ ಕೇಳಿದ್ರೆ ನಮ್ಮತ್ತೇನೇ ಕಳ್ಸಿದ್ದು ಅನ್ನು" ಎಂದಳು. ಅತ್ತಿಗೆ ಗೊಳೋ ಎಂದು ಅತ್ತುಬಿಟ್ಟಳು. ನನಗೆ ನಾಚಿಕೆಯಾಯಿತು ಎಂದರೆ ಸುಳ್ಳಾಗುತ್ತದೆ. ಮುನಿಸಿಕೊಂಡು ಊಟ ಬಿಟ್ಟೆ.

ಮಾರನೆಯ ದಿನ ಎಚ್ಚರವಾದಾಗ ಬೆಳಕು ಹರಿದಿತ್ತು. ಪಕ್ಕದ ಚಾಪೆಯಲ್ಲಿ ಅವ್ವ ಅಲುಗಾಡದೆ ಮಲಗಿದ್ದಳು. ಅವಳು ನಿದ್ದೆ ಮಾಡುವುದನ್ನು ನಾನು ಹುಟ್ಟಿದಾಗಿನಿಂದ ನೋಡಿರಲೇ ಇಲ್ಲ. ಕಿರುಚಲು ಬಾಯಿ ತೆರೆದವಳು, ಅದೇನು ಬುದ್ಧಿ ಬಂತೋ, ತಡೆದು ಅವಳ ಮೂಗಿನ ಹತ್ತಿರ ಬೆರಳು ಹಿಡಿದೆ. ಬೆಚ್ಚಗೆ ಉಸಿರು ತಾಗಿತು.

ಎಷ್ಟು ವರ್ಷದ ದಣಿವೋ ಏನೋ ಎಂದು ಆಗ ಅಳು ಬಂತು. ಅಷ್ಟರಲ್ಲಿ ಅಣ್ಣ ಎದ್ದು ಬಂದು "ಅವ್ವಾ" ಎಂದು ಕೂಗಲು ಹೊರಟ. ನಾನೂ ಅತ್ತಿಗೆಯೂ ಒಟ್ಟಿಗೇ ಹಾರಿ ಅವನ ಬಾಯಿ ಮುಚ್ಚಿದೆವು.