ಒದ್ದೆ ಪೇಪರಿನಲ್ಲಿ ಸುತ್ತಿದ ಕನ್ನಡಿ

ಕಳೆದ ಶುಕ್ರವಾರ ಬೆಳಗ್ಗೆ ಎಂಟೂವರೆಯೊಳಗೆ ಆದ ಕೆಲಸಗಳು ಇಷ್ಟು. ಹಾಲು ಕಾಯಿಸಿದ್ದು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದು. ಯಜಮಾನರ ಡಬ್ಬಿಗೆ ಚಪಾತಿ, ಹೀರೇಕಾಯಿ ಪಲ್ಯ. ಅತ್ತೆಗೆ ಬಿಪಿ ಮಾತ್ರೆ. ಸಂಪ್‌ಗೆ ನೀರು ಬಿಟ್ಟು, ಮರೆಯದೆ ನಿಲ್ಲಿಸಿದ್ದು (ನಮ್ಮ ಯಲಹಂಕದಲ್ಲಿ ಇದು ಸಾಧನೆಯೇ). ಒಂದು ಕನ್ನಡಿ ಒಡೆದಿದ್ದು.

ಕೊನೆಯದು ಆ ದಿನದ ಪಟ್ಟಿಯಲ್ಲಿರಲಿಲ್ಲ.

ವಾಷ್ ಬೇಸಿನ್ ಮೇಲೆ ತೂಗುಹಾಕಿದ್ದ ಕನ್ನಡಿ ಅದು. ಅಂಚಿನ ತುಂಬ ನನ್ನವು, ಮಗಳವು, ಹಳೇ ಸ್ಟಿಕ್ಕರ್ ಬೊಟ್ಟುಗಳು. ಮುಖ ತೊಳೆಯುವಾಗ ಕಿತ್ತು ಕನ್ನಡಿಗೆ ಅಂಟಿಸುವುದು, ಆಮೇಲೆ ಹೊಸದು ಇಟ್ಟುಕೊಳ್ಳುವುದು. ಯಾರ ಮನೆಯಲ್ಲಿಲ್ಲ ಹೇಳಿ?

ಆ ಅಂಟು ಬಿಡಿಸಲು ನನ್ನದೊಂದು ಕ್ರಮವಿದೆ. ಬ್ಲೇಡು ಕೂಡದು, ಗೀರು ಬೀಳುತ್ತದೆ. ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಉಗುರಿನಿಂದ ತಳ್ಳಿದರೆ ಸಾಕು. ಆಮೇಲೆ ಹಳೇ ಪೇಪರನ್ನು ನೀರಿನಲ್ಲಿ ಅದ್ದಿ, ಹಿಂಡಿ ಒರೆಸುವುದು. ಕನ್ನಡಿಗೇ ನೀರು ಚಿಮುಕಿಸಬಾರದು. ಅಂಚಿನಿಂದ ಒಳಗಿಳಿದು ಕಪ್ಪು ಕಲೆ ಏಳುತ್ತದೆ. ಇಷ್ಟೆಲ್ಲ ಬಲ್ಲವಳು, ಒರೆಸಿದ ಕನ್ನಡಿಯನ್ನು ಮೊಳೆಗೆ ಸಿಕ್ಕಿಸಲು ಎಣ್ಣೆಗೈಯಲ್ಲೇ ಎತ್ತಿದೆ. ಜಾರಿತು.

ಸದ್ದಿಗೆ ಅತ್ತೆ ಬಂದು ನಿಂತರು. ಗದಗಿನ ಕಡೆಯವರು. ಯಲಹಂಕಕ್ಕೆ ಬಂದು ಇಪ್ಪತ್ತು ವರ್ಷವಾದರೂ ಮಾತು ಅಲ್ಲಿಯದೇ. "ಶುಕ್ರವಾರ ದಿನ ಒಡದ ಕನ್ನಡಿ ಮನ್ಯಾಗ ಇರಬಾರ್ದವಾ. ಕಸದ ಗಾಡಿ ಬಂದೈತಿ ನೋಡು, ಕೊಟ್ಟು ಬಾ."

ಗಾಡಿಯ ಹಾಡು ಆಗಲೇ ನಮ್ಮ ತಿರುವಿನಲ್ಲಿತ್ತು. ಆದರೆ ಅವತ್ತು ಹಸಿ ಕಸದ ದಿನ. ಗಾಜು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಒಣ ಕಸದ ದಿನದವರೆಗೆ ಕಾಯಬೇಕು. ನಾನೇನು ಮಾಡಿದೆ? ಕೈಯಲ್ಲಿದ್ದ ಪೇಪರಿನಲ್ಲೇ ಚೂರುಗಳನ್ನು ಸುತ್ತಿ, ಹೀರೇಕಾಯಿ ಸಿಪ್ಪೆ, ಕಾಫಿ ಚರಟದ ನಡುವೆ ತುರುಕಿ, ಕವರಿಗೆ ಗಂಟು ಹಾಕಿ ಡ್ರೈವರ್ ಕೈಗೆ ಕೊಟ್ಟು ಬಂದೆ.

ಕಾಫಿ ಲೋಟ ಹಿಡಿದು ಕೂತಾಗ ಎದುರಿಗೆ ಅವತ್ತಿನ ಪೇಪರ್ ಕಂಡಿತು. ಒಣಗಿದ, ಗರಿಗರಿಯಾದ ಪೇಪರ್.

ನಾನು ಸುತ್ತಿದ್ದು ಒದ್ದೆ ಪೇಪರಿನಲ್ಲಿ. ಮುಟ್ಟಿದರೆ ಹರಿಯುವಂಥದ್ದು.

ಆ ಗಾಡಿಯ ಹಿಂಭಾಗದಲ್ಲಿ ರತ್ನಮ್ಮ ಇರುತ್ತಾರೆ. ಬಾಗಲೂರು ಕಡೆಯಿಂದ ಮೊದಲ ಬಸ್ಸಿಗೆ ಬಂದು, ಎಂಟು ವರ್ಷದಿಂದ ನಮ್ಮ ಬೀದಿಯ ಕಸ ಬೇರ್ಪಡಿಸುವವರು. ಹೋದ ತಿಂಗಳು ಅವರ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. "ಯಾರೋ ಟ್ಯೂಬ್‌ಲೈಟ್ ಒಡ್ದು ಅನ್ನದ್ ಜೊತೆ ಹಾಕವ್ರೆ ಅಕ್ಕ" ಎಂದಿದ್ದರು. "ಎಂಥ ಜನ ಅಲ್ವಾ?" ಎಂದಿದ್ದೆ ನಾನು.

ಎಂಥ ಜನ!

ಫೋನ್ ಮಾಡೋಣವೆಂದರೆ ನಂಬರಿಲ್ಲ. ಅವರ ಮಗಳು ಪಿಯುಸಿಯಲ್ಲಿ ಏನು ಓದುತ್ತಾಳೆಂದು ಗೊತ್ತು, ಅವರ ಕಾಫಿಗೆ ಸಕ್ಕರೆ ಎಷ್ಟೆಂದು ಗೊತ್ತು. ನಂಬರ್ ಮಾತ್ರ ಕೇಳಿಯೇ ಇರಲಿಲ್ಲ.

ಚಪ್ಪಲಿ ಮೆಟ್ಟಿ ಓಡಿದೆ. ಹಾಡು ಕೇಳಿಸುತ್ತಿತ್ತು, ಆದರೆ ಎಲ್ಲಿಂದ? ಎರಡನೇ ಕ್ರಾಸಿನಲ್ಲಿಲ್ಲ. ಮೂರರಲ್ಲಿಲ್ಲ. ಅಷ್ಟರಲ್ಲಿ ಹಾಡು ನಿಂತೇ ಹೋಯಿತು. ಹೂವಿನವಳನ್ನು ಕೇಳಿದರೆ, "ಪಾರ್ಕ್ ಹತ್ರ ನಿಲ್ಸವ್ರೆ, ಈಗ ಕವರ್ ಬಿಚ್ಚೋ ಟೈಮು" ಎಂದಳು. ನನಗೆ ಬೇಡವಾಗಿದ್ದ ಮಾತು ಅದೇ.

ಪಾರ್ಕಿನ ಗೇಟಿನ ಬಳಿ ಗಾಡಿ. ರತ್ನಮ್ಮ ಕಸದ ರಾಶಿಯ ಮೇಲೆ ನಿಂತು ತುಳಿಯುತ್ತಿದ್ದರು.

"ರತ್ನಮ್ಮ, ಅಲ್ಲಾಡ್ಬೇಡಿ."

"ಯಾಕಕ್ಕ, ಹಾವಾ?"

"ನಮ್ಮನೆ ಕವರ್ ಎಲ್ಲಿ?"

"ಕಾಲ್ ಕೆಳ್ಗೇ ಐತೆ. ನಿಮ್ ಮನೇದು ಬಿಚ್ಚದೇ ಇಲ್ಲ ಕಣಕ್ಕ, ನೀಟಾಗ್ ಕೊಡ್ತೀರ. ಅಂಗೇ ತುಳ್ದು ಒತ್ಬುಡ್ತೀನಿ, ಜಾಗ ಆಯ್ತದೆ."

"ಅದರಲ್ಲಿ ಗಾಜಿದೆ."

ರತ್ನಮ್ಮ ಮೆಲ್ಲನೆ ಬಲಗಾಲು ಎತ್ತಿದರು. ಚಪ್ಪಲಿಯ ಜೊತೆ ಕವರೂ ಎದ್ದು ಬಂತು. ಕಾಲನ್ನು ಚಪ್ಪಲಿಯಿಂದ ಬಿಡಿಸಿಕೊಂಡು, ಕಂಬಿ ಹಿಡಿದು ಕುಳಿತು, ಪಾದ ತಿರುಗಿಸಿ ನೋಡಿಕೊಂಡರು. ನಾನೂ ನೋಡಿದೆ. ರಕ್ತವಿರಲಿಲ್ಲ. ಚೂರೊಂದು ರಬ್ಬರನ್ನು ಕೊರೆದು ಅಕ್ಕಿಕಾಳಿನಷ್ಟು ಮೇಲೆ ಬಂದಿತ್ತು, ಪಾದದ ನಡುವಿನ ತಗ್ಗು ಬರುವ ಜಾಗದಲ್ಲಿ. ಒಂದಿಂಚು ಹಿಂದೆ ಬಂದಿದ್ದರೆ ಹಿಮ್ಮಡಿ.

ಅವರು ಚೂರನ್ನು ಕಿತ್ತು ಬೆಳಕಿಗೆ ಹಿಡಿದರು. ಅದರ ಮೂಲೆಯಲ್ಲಿ, ಎಣ್ಣೆಗೂ ಬಗ್ಗದ ಮೆರೂನ್ ಬೊಟ್ಟೊಂದು ಹಾಗೇ ಇತ್ತು. "ನಿಮ್ ಮಗಳ್ದೇ ಅಲ್ವಾ? ಬೆಳಗ್ಗಿಂದ ಮುಖ ನೋಡ್ಕಂಡಿರ್ಲಿಲ್ಲ, ಚೆನ್ನಾಗ್ ತೋರ್ಸುದ್ರಿ ಬುಡಿ."

ನಾನು ಕ್ಷಮೆ ಕೇಳಿದೆ. ಶುಕ್ರವಾರ, ಅತ್ತೆ, ಅವಸರ ಎಂದೆಲ್ಲ ತೊದಲಿದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಪಕ್ಕದಲ್ಲಿದ್ದ ಕೋಲು ತೋರಿಸಿ ಇಷ್ಟೇ ಹೇಳಿದರು: "ಬ್ಯಾರೆಯೋರ್ದು ಇದ್ರಲ್ಲಿ ಬಿಚ್ತೀನಿ. ನಾಳೆಯಿಂದ ನಿಮ್ದೂ ಇದ್ರಲ್ಲೇ ಕಣಕ್ಕ."

ನನ್ನ ಚಪ್ಪಲಿ ಅವರಿಗೆ ಬಿಟ್ಟು, ಗಾಜಿನ ಕವರ್ ಹಿಡಿದು ಬರಿಗಾಲಲ್ಲಿ ಮನೆಗೆ ಬಂದೆ. ಒಂದೊಂದು ಹೆಜ್ಜೆಯನ್ನೂ ನೋಡಿ ಇಟ್ಟೆ.

ಗೇಟಿನಲ್ಲಿ ಅತ್ತೆ. "ಹೊಳ್ಳಿ ತಂದ್ಯಾ ಅದನ್ನ?"

ನಡೆದದ್ದನ್ನು ಹೇಳಿದೆ. ಚಪ್ಪಲಿಯ ಮಾತಿಗೆ ಬಂದಾಗ ಅವರು ನನ್ನ ಕಾಲು ನೋಡಿದರು. ಒಳಗೆ ಹೋದರು. ಇನ್ನು ಸಂಜೆವರೆಗೆ ಮಾತಿಲ್ಲ ಎಂದುಕೊಂಡೆ. ಹಳೇ ಬೂಟಿನ ಡಬ್ಬಿ, ಟೇಪು ಹಿಡಿದು ಹೊರಬಂದರು. ಚೂರುಗಳನ್ನು ಒಣಗಿದ ಪೇಪರಿನಲ್ಲಿ ಮೂರು ಸುತ್ತು ಸುತ್ತಿ ಡಬ್ಬಿಗಿಟ್ಟು, ಟೇಪು ಅಂಟಿಸಿ, ಮೇಲೆ ದಪ್ಪಕ್ಷರದಲ್ಲಿ 'ಗಾಜು' ಎಂದು ಬರೆದೆ. (ಇಷ್ಟಕ್ಕೆ ಹಿಡಿದದ್ದು ಐದು ನಿಮಿಷ.) ಕಾಂಪೌಂಡಿನಲ್ಲಿಡಲು ಹೊರಟರೆ ಅತ್ತೆಯೇ ತಡೆದರು.

"ಹೊರಗ ಇಟ್ರ ನಾಯಿ ಎಳೀತಾವ. ಯಾರರ ತುಳಿತಾರ. ಒಳಗ ಇರ್ಲಿ."

"ಶುಕ್ರವಾರ ಅತ್ತೆ."

"ಗೊತ್ತೈತಿ ನನಗ."

ರಾತ್ರಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಒಡೆದ ಕನ್ನಡಿ ಮನೆಯೊಳಗಿದ್ದರೂ ಮೊದಲು ನಿದ್ದೆ ಹೋದವರು ಅತ್ತೆಯೇ. ಕೊನೆಯವಳು ನಾನು. ಎಂಟು ವರ್ಷ ನಮ್ಮ ಕವರನ್ನು ಮುಟ್ಟದ ಆ ಕೋಲು, ಇನ್ನು ಅದನ್ನು ಬಿಡಲು ಎಷ್ಟು ವರ್ಷ ಬೇಕಾದೀತು?